ಕುದ್ರಿನಲ್ಲಿ ಮಕ್ಕಳನ್ನು ಕೂಡಿಹಾಕಿದ ಮಾಷ್ಟ್ರು

ಯಾರ ಮನೆಗೆ ಹೋದರೂ ನಮ್ಮ ಮಾಷ್ಟ್ರು ಕೂರುವ ಮೊದಲು ಬಾಗಿಲು ಎಣಿಸುತ್ತಿದ್ದರು. ಚಾಪೆ ಹಾಸಿ, "ಕೂಕಣಿ ಮಾಷ್ಟ್ರೆ" ಎಂದು ಅಪ್ಪಯ್ಯ ಎಷ್ಟು ಹೇಳಿದರೂ ಜಗಲಿಯಲ್ಲಿ ನಿಂತೇ ಇರುತ್ತಿದ್ದರು. ಮುಂದೆ ಒಂದು, ಹಿಂದೆ ಒಂದು, ಹಟ್ಟಿ ಕಡೆಗೆ ಒಂದು ಎಂದು ಲೆಕ್ಕ ಸಿಕ್ಕಿದ ಮೇಲೆಯೇ ಕೂತು ಬೆಲ್ಲ ನೀರು ಕುಡಿಯುವುದು. ನಮ್ಮದು ಒಂದೇ ಬಾಗಿಲಿನ ಮನೆ. ಮೊದಲ ಸಲ ಬಂದಾಗ ಅವರು ಅದನ್ನು ನೋಡಿ, "ಬೆಂಕಿ ಬಿದ್ರೆ ಎಲ್ಲಿಂದ ಹೊರ್ಗ್ ಬಪ್ದ್ ಮಾರಾಯ್ರೆ?" ಎಂದು ಕೇಳಿದ್ದರು. "ಬೆಂಕಿ ಬಪ್ಪುಕೂ ಅದೇ ಬಾಗ್ಲ್ ಅಲ್ದಾ ಮಾಷ್ಟ್ರೆ, ನಾವ್ ಮೊದ್ಲೇ ಕಾಂತ್" ಎಂದು ಅಪ್ಪಯ್ಯ ನಗಾಡಿದ್ದ.

ಆ ಮಾಷ್ಟ್ರು ಹೋದ ವಾರ ಬಿಜೂರಿನಲ್ಲಿ ತೀರಿಕೊಂಡರಂತೆ. ಅತ್ತ ಕಡೆಯಿಂದ ಬಂದ ನೆಂಟರೊಬ್ಬರು ಊಟಕ್ಕೆ ಕೂತಾಗ ನಡುವೆ ಹೇಳಿದರು, ಸಾರು ಬಡಿಸಿಕೊಳ್ಳುತ್ತಾ. ನಾನು ಸಾರಿನ ಸೌಟು ಹಿಡಿದು ನಿಂತೇ ಬಿಟ್ಟೆ. ಈಗ ನನ್ನ ತಲೆಯೂ ಬೆಳ್ಳಗಾಗಿದೆ, ಆದರೂ ಅವರ ಸಂಗತಿ ಬಂದರೆ ನಾನು ಎಂಟನೇ ಕ್ಲಾಸಿನ ಹುಡುಗಿಯೇ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರು ತಮ್ಮ ಹೆಸರನ್ನು ಎಲ್ಲಿಯೂ ಮುಂದಿಟ್ಟವರಲ್ಲ, ಸತ್ತ ಮೇಲೆ ನಾನು ಯಾಕೆ ಇಡಲಿ.

ನಮ್ಮೂರು ಬ್ರಹ್ಮಾವರದಿಂದ ಪಡುವಣಕ್ಕೆ, ಹೊಳೆಯ ಬದಿ. ಶಾಲೆಯ ಕಿಟಕಿಯಲ್ಲಿ ನೋಡಿದರೆ ಹೊಳೆಯ ನಡುವೆ ಒಂದು ಕುದ್ರು ಕಾಣುತ್ತಿತ್ತು. ನಾಲ್ಕೂ ಸುತ್ತ ನೀರು, ನಡುವೆ ತೆಂಗಿನ ಮರ, ಒಂದು ಹಂಚಿನ ಮಾಡಿನ ಕೊಟ್ಟಿಗೆ. ಕುದ್ರೂ ಶಾಲೆಯೂ ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯೂ ಒಬ್ಬರದೇ. ಊರಲ್ಲಿ ಅವರನ್ನು ಒಡೆಯರು ಎನ್ನುತ್ತಿದ್ದರು, ಶಾಲೆಯ ಕಾಗದದಲ್ಲಿ ಮೆನೇಜರು. ನಮ್ಮದು ಚಾಲಗೇಣಿ, ಅಂದರೆ ಒಡೆಯರಿಗೆ ಮನಸ್ಸಿದ್ದಷ್ಟು ದಿನ ಗದ್ದೆ ನಮ್ಮದು. ನಾಳೆ ಏಳಿ ಎಂದರೆ ಏಳಬೇಕು.

ಮಾಷ್ಟ್ರೂ ಹೆಚ್ಚುಕಡಿಮೆ ಚಾಲಗೇಣಿಯವರೇ. ಬೈಂದೂರು ಕಡೆಯ ಬಿಜೂರಿನಿಂದ ಬಂದವರು. ಒಡೆಯರ ಮನೆಯ ಉಗ್ರಾಣದ ಪಕ್ಕದ ಕೋಣೆಯಲ್ಲಿ ಅವರ ವಾಸ, ಒಡೆಯರ ಮನೆಯಲ್ಲೇ ಊಟ. ಆ ಕೋಣೆಗೆ ಕಿಟಕಿ ಇರಲಿಲ್ಲ. ಮುಸ್ಸಂಜೆಗೆ ಅಂಗಳದ ದಣಪೆ ಹಾಕಿದರೆ ಮತ್ತೆ ಹೊರಗೆ ಹೋಗಲು ಒಡೆಯರನ್ನು ಕೇಳಬೇಕು. ಅವರ ಟ್ರೈನಿಂಗ್ ಸರ್ಟಿಫಿಕೇಟನ್ನು "ಜೋಪಾನಕ್ಕೆ" ಎಂದು ಒಡೆಯರು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಅದಿಲ್ಲದೆ ಬೇರೆ ಶಾಲೆಯವರು ಕೆಲಸ ಕೊಡುವುದಿಲ್ಲ. ಊರಲ್ಲಿ ಕಣ್ಣು ಕಾಣದ ತಾಯಿ, ಮದುವೆಯಾಗದ ತಂಗಿ. ಬಿಜೂರಿಗೆ ಹೋಗಬೇಕೆಂದರೆ ಬಸ್ಸು, ಹೊಳೆ ದಾಟಲು ದೋಣಿ, ಆಚೆ ಮತ್ತೊಂದು ಬಸ್ಸು, ಮತ್ತೆ ದೋಣಿ. ವರ್ಷಕ್ಕೆ ಎರಡು ಸಲ ಹೋದರೆ ದೊಡ್ಡದು. ಬಾಗಿಲು ಎಣಿಸುವ ಚಾಳಿ ಅವರಿಗೆ ಎಲ್ಲಿಂದ ಬಂತೆಂದು ನನಗೆ ಆಗ ಹೊಳೆದಿರಲಿಲ್ಲ.

ನೋಡಲಿಕ್ಕೆ ಕಡ್ಡಿ ಆಳು. ಕನ್ನಡಕದ ಒಂದು ಕಾಲು ಮುರಿದು, ಅದಕ್ಕೆ ನೂಲು ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಲೆಕ್ಕ ಹೇಳಿಕೊಡುವಾಗ ಅವರಿಗೇ ಆಕಳಿಕೆ. ಭೂಗೋಳ ಎಂದರೆ ಮಾತ್ರ ಎಲ್ಲಿಲ್ಲದ ಉಮೇದು. ಮಧ್ಯಾಹ್ನ ಹೊಳೆ ಇಳಿತವಾದಾಗ ಇಡೀ ಕ್ಲಾಸನ್ನು ದಡಕ್ಕೆ ಕರೆದೊಯ್ದು, ದೋಣಿ ಕಟ್ಟುವ ಕಂಬದಲ್ಲಿ ನೀರು ಬಿಟ್ಟುಹೋದ ಗುರುತು ತೋರಿಸಿ, "ಇಲ್ಲಿಗೆ ನೀರ್ ಬಪ್ಪುಕೆ ಎಷ್ಟ್ ಹೊತ್ತ್ ಬೇಕ್? ಕಂಡ್ ಹೇಳಿ, ಕೇಂಡ್ ಹೇಳ್ಬೇಡಿ" ಎನ್ನುತ್ತಿದ್ದರು. ಎಲ್ಲದಕ್ಕೂ ಅವರದು ಅದೇ ಮಾತು. ಯಾರಾದರೂ ಇನ್ನೊಬ್ಬರ ಮೇಲೆ ಚಾಡಿ ತಂದರೆ, "ಕಂಡದ್ದಾ, ಕೇಂಡದ್ದಾ?" ಎಂದು ಕೇಳಿ ಬಾಯಿ ಕಟ್ಟಿಸುತ್ತಿದ್ದರು.

ನನ್ನನ್ನು ಎಂಟನೇ ಕ್ಲಾಸಿನವರೆಗೆ ತಂದವರೂ ಅವರೇ. ಗೇಣಿಯವನ ಮಗಳು, ಅದೂ ಎಡಚಿ. ಅವರಿಗಿಂತ ಮೊದಲಿದ್ದ ಮಾಷ್ಟ್ರು ನನ್ನ ಎಡಗೈ ಗೆಣ್ಣಿಗೆ ಕೋಲಿನಲ್ಲಿ ಕೊಟ್ಟು ಕೊಟ್ಟು ಬಲಗೈಯಲ್ಲಿ ಬರೆಸಲು ನೋಡಿದ್ದರು. ಇವರು ಬಂದ ಮೊದಲ ದಿನವೇ ನನ್ನ ಸ್ಲೇಟು ಎತ್ತಿ ನೋಡಿ, "ಅಕ್ಷರ ಲಾಯ್ಕ್ ಇತ್ತಲೇ. ಯಾವ ಕೈಯಂಗ್ ಬರ್ದದ್ದಾರೆ ಎಂತ, ಓದುವವ್ರಿಗ್ ಕೈ ಕಾಂತಿಲ್ಲೆ" ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಪ್ರಾಣ ಬೇಕಾದರೂ ಕೊಡುತ್ತಿದ್ದೆ. ಕೊಟ್ಟದ್ದು ಏನೆಂದು ಮುಂದೆ ಹೇಳುತ್ತೇನೆ.

ಒಮ್ಮೆ ಶಾಲೆಯ ಗಂಟೆ ಬಡಿಯುವ ಸುತ್ತಿಗೆ ಕಾಣೆಯಾಯಿತು. ಬೇರೆ ಶಾಲೆಯಾದರೆ ಎಲ್ಲರಿಗೂ ಒಂದೊಂದು ಪೆಟ್ಟು ಬಿದ್ದು ಮುಗಿಯುತ್ತಿತ್ತು. ಇವರು, "ಪೆಟ್ಟ್ ಬೇಡ. ನೀವೇ ಪತ್ತೆ ಮಾಡಿ" ಎಂದರು. ಮೂರು ದಿನ ನಾವು ಯಾರು ಯಾವಾಗ ಗಂಟೆಯ ಹತ್ತಿರ ಹೋದರು, ಯಾರ ಕೈಯಲ್ಲಿ ತುಕ್ಕು ಇದೆ ಎಂದೆಲ್ಲ ಹುಡುಕಿದೆವು. ಕಡೆಗೆ ಅಂಗಳದಲ್ಲಿ ಬಾದಾಮಿ ಕಾಯಿಯ ಒಡೆದ ಚಿಪ್ಪು ಕಂಡು, ಅದರ ಜಾಡು ಹಿಡಿದು ಹೋದರೆ ಸುತ್ತಿಗೆ ಮಾಷ್ಟ್ರ ಮೇಜಿನ ಖಾನೆಯಲ್ಲೇ ಇತ್ತು. ಕಾಯಿ ಜಜ್ಜಲು ಒಯ್ದು ಮರೆತಿದ್ದರು. ಸಿಕ್ಕಿಬಿದ್ದದ್ದಕ್ಕೆ ಅವರಿಗೆ ಆದ ಖುಷಿ ನೋಡಬೇಕಿತ್ತು! "ಕಳ್ಳ ಸಿಕ್ಕಿದ, ಈಗ ಶಿಕ್ಷೆ ಆಯ್ಕಲೇ" ಎಂದು ತಾವೇ ಬೆಂಚಿನ ಮೇಲೆ ಹತ್ತಿ, ಒಂದು ಪೀರಿಯಡ್ ಪೂರ್ತಿ ತಲೆ ಬಗ್ಗಿಸಿ ನಿಂತರು. ಹಂಚು ತಾಗುತ್ತಿತ್ತು, ಅದಕ್ಕೆ ಬಗ್ಗಿಸಿದ್ದು.

ಶನಿವಾರದ ಕಡೆಯ ಪೀರಿಯಡ್ ಕತೆಯದ್ದು. ಕಂದು ಕಾಗದದ ಬೈಂಡು ಹಾಕಿದ ಒಂದು ಪುಸ್ತಕ ತರುತ್ತಿದ್ದರು. ಮಂಗಳೂರಿನ ಸ್ನೇಹಿತರೊಬ್ಬರು ಕಳಿಸಿದ ಪತ್ತೇದಾರಿ ಕಾದಂಬರಿ, ವಾರಕ್ಕೆ ಒಂದು ಅಧ್ಯಾಯ ಎಂದು ಹೇಳಿದ್ದರು. ಸುಬ್ಬ, ಚಂದು ಎಂಬ ಇಬ್ಬರು ಹುಡುಗರು, ಗೌರಿ ಎಂಬ ಒಬ್ಬ ಹುಡುಗಿ. ಊರಿನಲ್ಲಿ ಏನೇ ಕಳುವಾದರೂ ಹುಡುಕುವವರು ಅವರು. ಆ ಕತೆಗೆ ನಾವು ಹೇಗೆ ಬಿದ್ದಿದ್ದೆವು ಎಂದರೆ, ಜ್ವರ ಬಂದ ಹುಡುಗರು ಶುಕ್ರವಾರವೇ ಎದ್ದು ಕೂರುತ್ತಿದ್ದರು.

ಅದರ ರುಚಿ ಏನಿತ್ತು ಎಂದು ಈಗ ಯೋಚಿಸುತ್ತೇನೆ. ಮನೆಯಲ್ಲಿ ನಾವು ಕೇಳುತ್ತಿದ್ದ ಕತೆಗಳಲ್ಲಿ ಮಕ್ಕಳ ಕಷ್ಟಕ್ಕೆ ದೇವರು ಬರುತ್ತಿದ್ದ, ಇಲ್ಲವೇ ರಾಜ. ಇದರಲ್ಲಿ ಯಾರೂ ಬರುತ್ತಿರಲಿಲ್ಲ. ದೊಡ್ಡವರು ಒಂದೋ ನಂಬುತ್ತಿರಲಿಲ್ಲ, ಇಲ್ಲ ಅವರೇ ಕಳ್ಳರಾಗಿರುತ್ತಿದ್ದರು. ಮಕ್ಕಳು ತಮ್ಮ ಕಣ್ಣಿನಿಂದ ನೋಡಿ, ತಮ್ಮ ತಲೆಯಿಂದ ಯೋಚಿಸಿ, ತಾವೇ ಹೊರಗೆ ಬರಬೇಕು. ಮನೆಯಲ್ಲಿ "ನಿಂಗೆಂತ ಗೊತ್ತಿತ್ತ್, ಸುಮ್ನಿರ್" ಎಂದು ಬೈಸಿಕೊಂಡು ಬರುವ ನಮಗೆ ಅದಕ್ಕಿಂತ ಹೆಚ್ಚಿನದು ಏನು ಬೇಕು! ಭೂತಪ್ರೇತ ಬರಲಿಲ್ಲವೇಕೆ ಎಂದು ಒಬ್ಬ ಕೇಳಿದ್ದಕ್ಕೆ, "ಭೂತದ ಕತಿ ಹೇಳೂಕೆ ಅಜ್ಜಿ ಸಾಕ್, ಮಾಷ್ಟ್ರ್ ಎಂತಕೆ?" ಎಂದಿದ್ದರು. ಕಡೆಗೆ ಗೊತ್ತಾಗುವ ಗುಟ್ಟಿನ ಗುರುತನ್ನು ಮೊದಲೇ ಎಲ್ಲಾದರೂ ನಮ್ಮ ಕಣ್ಣಿಗೆ ಹಾಕಿಯೇ ಹಾಕಿರುತ್ತಿದ್ದರು. ಕೇಳುವವರಿಗೆ ಮೋಸ ಮಾಡಬಾರದು ಎನ್ನುವುದು ಅವರ ನೇಮ.

ಮತ್ತೆ, ಗೌರಿ ಎಡಚಿ. ಅವಳು ಎಡಗೈಯಲ್ಲಿ ಬರೆಯುತ್ತಾಳೆ ಎಂದು ಅವರು ಮೊದಲ ಸಲ ಓದಿದಾಗ ಕ್ಲಾಸಿಗೆ ಕ್ಲಾಸೇ ತಿರುಗಿ ನನ್ನನ್ನು ನೋಡಿತು. ನಾನು ಉಬ್ಬಿ ಹೋದೆ. ಮಂಗಳೂರಿನ ಪುಸ್ತಕದಲ್ಲಿ ನಾನು ಹೇಗೆ ಬಂದೆ ಎನ್ನುವುದೇ ನನಗೊಂದು ಪತ್ತೇದಾರಿಯಾಯಿತು. ಒಂದು ಶನಿವಾರ ಶಾಲೆಯ ಅಂಗಳಕ್ಕೆ ನುಗ್ಗಿದ ದನವನ್ನು ಓಡಿಸಲು ಮಾಷ್ಟ್ರು ಹೊರಗೆ ಓಡಿದಾಗ, ನಾನು ಮೇಜಿನ ಮೇಲಿದ್ದ ಪುಸ್ತಕ ತೆರೆದೆ. ಅಚ್ಚಿನ ಅಕ್ಷರ ಒಂದೂ ಇಲ್ಲ. ಎಲ್ಲ ಅವರದೇ ಕೈಬರಹ. ಅಂದು ಓದಿದ ಅಧ್ಯಾಯದ ಮುಂದೆ ಬರೀ ಖಾಲಿ ಹಾಳೆ. ನಾನು ಮುಚ್ಚಿಟ್ಟು ಜಾಗಕ್ಕೆ ಬಂದು ಕೂತೆ, ಯಾರಿಗೂ ಹೇಳಲಿಲ್ಲ.

ಅದು ಯುದ್ಧದ ಕಾಲ. ಬರ್ಮಾ ಅಕ್ಕಿ ನಿಂತು, ಅಕ್ಕಿಗೆ ಕಂಟ್ರೋಲು ಬಂದಿತ್ತು. ಕೂಲಿ ಮಾಡುವವರ ಮನೆಗಳಲ್ಲಿ ಗೆಣಸು ಬೇಯಿಸಿ ಉಪ್ಪು ಹಾಕಿ ತಿನ್ನುತ್ತಿದ್ದರು, ಕೆಲವರಿಗೆ ಅದೂ ಇಲ್ಲ. ಯಾರ ಮನೆಯಲ್ಲಿ ಎಷ್ಟು ಅಕ್ಕಿ ಇದೆ ಎಂದು ಬರೆದುಕೊಂಡು ಬರಲು ಸರಕಾರದವರು ಶಾಲೆ ಮಾಷ್ಟ್ರುಗಳನ್ನೇ ಕಳಿಸುತ್ತಿದ್ದರು. ನಮ್ಮ ಮಾಷ್ಟ್ರೂ ಕೊಡೆ ಹಿಡಿದು ಮನೆಮನೆ ತಿರುಗಿದರು. ಅದಾಗಿ ಕೆಲವು ದಿನಕ್ಕೆ, ನಮ್ಮ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಮಗ್ಗಿ ಹೇಳುತ್ತಾ ಹೇಳುತ್ತಾ ಬಿದ್ದುಬಿಟ್ಟಳು. ಎರಡು ದಿನದಿಂದ ಅನ್ನ ಕಂಡಿರಲಿಲ್ಲ. ಮಾಷ್ಟ್ರು ಅವಳ ಮುಖಕ್ಕೆ ನೀರು ಚಿಮುಕಿಸಿ, ಎತ್ತಿ ಕೂರಿಸಿ, ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಹೊಳೆಯನ್ನೇ ನೋಡುತ್ತಾ ನಿಂತರು. ಅಂದಿನ ಲೆಕ್ಕ ಅಲ್ಲಿಗೇ ನಿಂತಿತು.

ಆ ವಾರವೇ ಕತೆ ಕುದ್ರಿಗೆ ಹೋಯಿತು. ಊರಲ್ಲಿ ಅಕ್ಕಿ ಇಲ್ಲ, ಎಲ್ಲಿ ಹೋಯಿತು ಎಂದು ಹುಡುಕುತ್ತಾ ಸುಬ್ಬ, ಚಂದು, ಗೌರಿ ದೋಣಿ ಹತ್ತಿ ಹೊಳೆಯ ನಡುವಿನ ಕುದ್ರಿಗೆ ಹೋಗುತ್ತಾರೆ. ಅಲ್ಲಿ ಒಂದು ಕೊಟ್ಟಿಗೆ. ಒಳಗೆ ಅಟ್ಟದವರೆಗೆ ಅಕ್ಕಿ ಮುಡಿ. ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ಹಾಕುತ್ತಾರೆ. ಒಂದೇ ಬಾಗಿಲು, ಕಿಟಕಿ ಇಲ್ಲ. ಹೊಳೆಗೆ ಉಬ್ಬರ ಬರುತ್ತಿದೆ, ನೆಲದಲ್ಲಿ ನೀರು ಏಳುತ್ತಿದೆ. ಮೂರು ಶನಿವಾರ ಮಾಷ್ಟ್ರು ಅವರನ್ನು ಅಲ್ಲೇ ಇಟ್ಟರು. ಮೊದಲ ವಾರ ನೀರು ಪಾದಕ್ಕೆ, ಎರಡನೇ ವಾರ ಮೊಣಕಾಲಿಗೆ. ಹೊರಗೆ ಬರುವ ದಾರಿಯೇ ಕಾಣದು. ಓದುವಾಗ ಅವರ ದನಿ ಇಳಿದು ಇಳಿದು, ನಮಗೆ ಉಸಿರು ಕಟ್ಟಿದಂತಾಗುತ್ತಿತ್ತು.

ಮೂರನೇ ವಾರ ಗೌರಿಗೆ ಒಂದು ಗುರುತು ಸಿಕ್ಕಿತು. ಮುಡಿ ಎಂದರೆ ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಬಳ್ಳಿ ಬಿಗಿದು, ಬಡಿದು ಬಡಿದು ದುಂಡಗೆ ಮಾಡುವುದು. ಬಳ್ಳಿ ಹೊಸೆಯುವಾಗ ಎಲ್ಲರ ಕೈಯೂ ಹುಲ್ಲನ್ನು ಬಲಕ್ಕೇ ತಿರುಚುತ್ತದೆ. ಆ ಕೊಟ್ಟಿಗೆಯ ಮುಡಿಗಳ ಬಳ್ಳಿ ಎಡಮುರಿ. "ಇದನ್ನು ಹೊಸೆದವನು ನನ್ನ ಹಾಗೆ ಎಡಗೈಯವನು ಎಂದು ಗೌರಿ ಪಿಸುಗುಟ್ಟಿದಳು" ಎಂದು ಓದಿ ಮಾಷ್ಟ್ರು ಪುಸ್ತಕ ಮುಚ್ಚಿದರು. ಕ್ಲಾಸು ಹೋ ಎಂದಿತು.

ಕತೆ ಕಟ್ಟುವುದರಲ್ಲಿ ಮಾಷ್ಟ್ರು ಮಾಡಿದ ತಪ್ಪು ಇದೊಂದೇ. ಅವರು ಅಕ್ಕಿ ಬರೆಯಲು ಹೋದಾಗ ಒಡೆಯರ ಕುದ್ರಿನ ಕೊಟ್ಟಿಗೆಯಲ್ಲಿ ಆ ಎಡಮುರಿ ಬಳ್ಳಿಯನ್ನು ಕಂಡಿದ್ದರು. ಗೌರಿಗೆ ಒಳ್ಳೆಯ ಗುರುತು ಎಂದು ಕತೆಗೆ ತಂದರು. ಅವರ ಕಡೆ ಮುಡಿಯನ್ನು ಯಾರು ಕಟ್ಟಿದ್ದು ಎಂದು ಯಾರೂ ನೋಡುವುದಿಲ್ಲವೋ ಏನೋ. ನಮ್ಮೂರಿನಲ್ಲಿ ಬಳ್ಳಿ ನೋಡಿದರೆ ಕೈ ಗೊತ್ತಾಗುತ್ತದೆ. ಎಡಮುರಿ ಬಳ್ಳಿ ಹೊಸೆಯುವವನು ಇದ್ದದ್ದು ಒಬ್ಬನೇ, ನನ್ನ ಅಪ್ಪಯ್ಯ. ನನ್ನ ಎಡಗೈ ಅವನಿಂದಲೇ ಬಂದದ್ದು.

ನನಗೆ ಭಯವಾಗಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ. ನನಗಾದದ್ದು ಸಂತೋಷ. ಪತ್ತೆ ಹಚ್ಚಿದೆ ಎಂಬ ಕೊಬ್ಬು. ಮರುದಿನ ಬೆಳಿಗ್ಗೆ ಅಪ್ಪಯ್ಯ ಅಂಗಳದಲ್ಲಿ ಕೂತು ಬಳ್ಳಿ ಹೊಸೆಯುತ್ತಿದ್ದ. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವನ ಕೈಯನ್ನೇ ನೋಡಿ, "ಅಪ್ಪಯ್ಯಾ, ಒಡೇರ್ ಕುದ್ರಂಗೆ ಅಕ್ಕಿ ಮುಡಿ ಇತ್ತಲ್ದಾ? ಕಟ್ಟದ್ದ್ ನೀನೇ ಅಲ್ದಾ?" ಎಂದೆ.

ಅಪ್ಪಯ್ಯನ ಕೈ ನಿಂತಿತು. "ಯಾರ್ ಹೇಳ್ರ್ ನಿಂಗೆ?"

"ಯಾರೂ ಹೇಳಿಲ್ಲೆ. ನಾನೇ ಪತ್ತೆ ಮಾಡ್ದೆ. ಮಾಷ್ಟ್ರ್ ಕತಿಯಂಗೆ ಇತ್ತ್."

ಅವನು ಕತೆಯನ್ನು ಪೂರ್ತಿ ಹೇಳಿಸಿದ. ನಾನು ಕೈ ಬೀಸಿ ಬೀಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಮುಖ ಬಿಳಿಚಿಹೋಯಿತು. ಎದ್ದು ಹೆಗಲಿಗೆ ವಸ್ತ್ರ ಹಾಕಿಕೊಂಡ. ಎಲ್ಲಿಗೆ ಎಂದು ಕೇಳಿದರೆ, "ಒಡೇರ್ ಮನಿಗ್" ಎಂದ.

"ಎಂತಕೆ ಅಪ್ಪಯ್ಯಾ?"

"ನಾ ಹೇಳ್ದಿರೆ ಬೇರೆಯರ್ ಹೇಳ್ತ್ರ್ ಹೆಣೆ. ಆಗ ಒಡೇರ್ ಎಂತ ಎಣ್ಸ್ತ್ರ್? ಮುಡಿ ಕಟ್ಟದವ್ನೇ ಮಾಷ್ಟ್ರಿಗೆ ಬಾಯ್ ಬಿಟ್ಟ ಅಂದ್ ಎಣ್ಸ್ತ್ರ್. ಗದ್ದಿ ಹ್ವಾಪ್ದ್ ಒಂದೇ ಮಾತಿಗ್."

ಗೇಣಿಯವರ ಮನೆಯಲ್ಲಿ ಹುಟ್ಟದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಒಡೆಯರಿಗೆ ಸಂಬಂಧಪಟ್ಟದ್ದು ಏನು ಕಿವಿಗೆ ಬಿದ್ದರೂ, ಬೇರೆಯವರು ಹೇಳುವ ಮೊದಲು ನಾವೇ ಓಡಿಹೋಗಿ ಒಪ್ಪಿಸಬೇಕು. ಅದು ಚಾಡಿಯಲ್ಲ, ಗದ್ದೆ ಉಳಿಸಿಕೊಳ್ಳುವ ಕ್ರಮ. ಅಪ್ಪಯ್ಯ ಕೆಟ್ಟವನಾಗಿರಲಿಲ್ಲ. ಮಾಷ್ಟ್ರೆಂದರೆ ಅವನಿಗೂ ಕೈ ಮುಗಿಯುವಷ್ಟು ಪ್ರೀತಿ. ಆದರೂ ಹೋದ. ನಾನು ಅಂಗಳದಲ್ಲಿ ಅರ್ಧ ಹೊಸೆದ ಬಳ್ಳಿ ಹಿಡಿದು ಕೂತೆ.

ಆ ವಾರವಿಡೀ ಮಾಷ್ಟ್ರಿಗೆ ಹೇಳಬೇಕು, ಹೇಳಬೇಕು ಎಂದುಕೊಂಡೆ. ಹೇಳಿದರೆ ಅಪ್ಪಯ್ಯ ಹೇಳಿದ್ದು ಹೊರಬೀಳುತ್ತದೆ. ಹೇಳದಿದ್ದರೆ ಮಾಷ್ಟ್ರು ಹೋಗುತ್ತಾರೆ. ಶಾಲೆಗೆ ಹೋಗದೆ ಹೊಟ್ಟೆನೋವು ಎಂದು ಎರಡು ದಿನ ಮಲಗಿದೆ. ಮಲಗಿದರೂ ಅದೇ. ಒಂದೇ ಬಾಗಿಲಿನ ಆ ಮನೆಯಲ್ಲಿ ಉಸಿರಾಡಲಿಕ್ಕೇ ಆಗುತ್ತಿರಲಿಲ್ಲ.

ಶನಿವಾರ ಕಡೆಯ ಪೀರಿಯಡ್. ಮಾಷ್ಟ್ರು ಪುಸ್ತಕ ತೆರೆಯುತ್ತಿದ್ದಾಗ ಒಡೆಯರು ಬಂದರು. ಎಲ್ಲರೂ ಎದ್ದು ನಿಂತೆವು. ಅವರು ಹಿಂದಿನ ಬೆಂಚಿನಲ್ಲಿ ಕೂತು, ಬೆತ್ತವನ್ನು ತೊಡೆಯ ಮೇಲಿಟ್ಟು, "ಹ್ವಾಯ್, ಓದಿ ಮಾಷ್ಟ್ರೆ. ಲಾಯ್ಕಿನ ಕತಿ ಅಂಬ್ರ್. ನಾನೂ ಕೇಂತೆ" ಎಂದರು. ಅವರ ಕೊಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತವನು ಅಪ್ಪಯ್ಯ. ಬಾಗಿಲಿಗೆ ಅಡ್ಡವಾಗಿ ನಿಂತಿದ್ದ, ತಲೆ ಎತ್ತಲಿಲ್ಲ.

ಮಾಷ್ಟ್ರು ಒಂದು ಪುಟ ಓದಿದರು. ನೀರು ಸೊಂಟಕ್ಕೆ ಬಂತು. ಒಡೆಯರು ತಡೆದರು. "ಅದೆಲ್ಲಾ ಇರ್ಲಿ. ಆ ಮುಡಿ ಕಟ್ಟದ್ದ್ ಯಾರಂಬ್ರ್? ಅಕ್ಕಿ ಸಂಗತಿ ಹೊರ್ಗ್ ಹಾಕದ್ದ್ ಅವ್ನೇಯಾ? ಅಷ್ಟ್ ಹೇಳಿ ಸಾಕ್."

ಆಗ ಮಾಷ್ಟ್ರು ತಲೆ ಎತ್ತಿದರು. ಒಡೆಯರನ್ನು ನೋಡಿದರು. ಬಾಗಿಲಲ್ಲಿದ್ದ ಅಪ್ಪಯ್ಯನನ್ನು ನೋಡಿದರು, ಅವನು ಕೊಡೆ ಹಿಡಿದಿದ್ದ ಕೈಯನ್ನು ನೋಡಿದರು. ಆಮೇಲೆ ನನ್ನನ್ನು. ನಾನು ಎಡಗೈಯನ್ನು ತೊಡೆಯ ಅಡಿಗೆ ಹಾಕಿ ಕೂತಿದ್ದೆ. ಅವರಿಗೆ ಎಲ್ಲವೂ ಒಟ್ಟಿಗೆ ಗೊತ್ತಾಯಿತು. ನನಗೆ ಪ್ರೀತಿಯಿಂದ ಕೊಟ್ಟ ಗುರುತು ಯಾರ ಕುತ್ತಿಗೆಗೆ ಸುತ್ತಿಕೊಂಡಿದೆ ಎಂದು ಅವರು ಅರಿತದ್ದನ್ನು ನಾನು ಕಣ್ಣಾರೆ ಕಂಡೆ. ನೂಲು ಕಟ್ಟಿದ ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಪುಟ ತಿರುಗಿಸಿದರು. ಅದು ಖಾಲಿ ಹಾಳೆ ಎಂದು ಆ ಕ್ಲಾಸಿನಲ್ಲಿ ನನಗೊಬ್ಬಳಿಗೇ ಗೊತ್ತು. ಓದತೊಡಗಿದರು. "ಗೌರಿ ಮುಡಿಯ ಬಳ್ಳಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಅದು ಎಡಮುರಿಯಾಗಿರಲಿಲ್ಲ. ಕತ್ತಲೆಯಲ್ಲಿ ತಾನು ತಪ್ಪಿ ತಿಳಿದೆನೆಂದು ಅವಳಿಗೆ ನಾಚಿಕೆಯಾಯಿತು."

"ಸುಳ್ಳ್ ಮಾಷ್ಟ್ರೆ!" ಎಂದು ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದೇ ನಿಂತ. "ಹ್ವಾದ್ ವಾರ ಎಡಮುರಿ ಅಂದ್ರಿ. ಹೀಂಗ್ ಮೋಸ ಮಾಡೂಕಾಗ!"

"ಕೂಕೋ ಮಾಣಿ" ಎಂದು ಮಾಷ್ಟ್ರು ಮೆಲ್ಲಗೆ ಹೇಳಿ ಮುಂದುವರಿಸಿದರು. "ಮುಡಿ ಕಟ್ಟಿದವನು ಯಾರಿಗೂ ಏನೂ ಹೇಳಿರಲಿಲ್ಲ. ಈ ಅಕ್ಕಿ ಇಲ್ಲಿರುವುದನ್ನು ಹೊರಗಿನವರಲ್ಲಿ ಕಂಡವನು ಒಬ್ಬನೇ. ಅವನು ಆ ಊರಿನ ಶಾಲೆಯ ಮಾಸ್ತರ. ಮನೆಮನೆಯ ಅಕ್ಕಿ ಬರೆಯಲು ಬಂದವನು ಅವನು. ಕಣ್ಣಾರೆ ಕಂಡು, ಕುದ್ರಿನಲ್ಲಿ ಏನೂ ಇಲ್ಲವೆಂದು ಬರೆದು ರುಜು ಹಾಕಿದವನೂ ಅವನೇ. ಅವನ ಶಾಲೆಯಲ್ಲಿ ಒಂದು ಮಗು ಹಸಿವಿನಿಂದ ಬಿದ್ದಿತು. ಆಗಲೂ ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಕ್ಕಿ ಊರಿಗೆ ಬರುತ್ತಿತ್ತು, ಈ ಮೂವರು ಮಕ್ಕಳು ಇಲ್ಲಿ ಬಂದು ಸಿಕ್ಕಿಬೀಳುತ್ತಿರಲಿಲ್ಲ. ಕಳ್ಳ ಅವನೇ."

ಒಡೆಯರು ಎದ್ದರು. ನಗುತ್ತಲೇ ಬಂದು ಅವರ ಕೈಯಿಂದ ಪುಸ್ತಕ ತೆಗೆದುಕೊಂಡು ಕಂಕುಳಲ್ಲಿಟ್ಟುಕೊಂಡರು. "ಲಾಯ್ಕ್ ಇತ್ತ್ ಕತಿ. ಮುಗೀತಲೇ?"

"ಮುಗೀತ್" ಎಂದರು ಮಾಷ್ಟ್ರು.

"ಮಕ್ಳ್ ಹೊರ್ಗೇ ಬರ್ಲಿಲ್ಲೆ ಮಾಷ್ಟ್ರೆ!" ಎಂದು ಯಾರೋ ಅಳುವ ದನಿಯಲ್ಲಿ ಕೂಗಿದರು. ಮಾಷ್ಟ್ರು ಗಂಟೆ ಬಡಿಯಲು ಸುತ್ತಿಗೆ ತೆಗೆದುಕೊಂಡು ಹೊರಗೆ ಹೋದರು.

ಸೋಮವಾರ ಅವರು ಇರಲಿಲ್ಲ. ಟ್ರಂಕು ಹೊತ್ತುಕೊಂಡು ಬಸ್ಸಿನ ದಾರಿ ಹಿಡಿದದ್ದನ್ನು ಕಂಡವರು ಹೇಳಿದರು. ಸರ್ಟಿಫಿಕೇಟು ಒಡೆಯರ ಪೆಟ್ಟಿಗೆಯಲ್ಲೇ ಉಳಿಯಿತು. ಕುದ್ರಿನ ಮುಡಿಗಳು ಆ ವಾರದೊಳಗೆ ದೋಣಿ ಹತ್ತಿ ಬೇರೆಲ್ಲಿಗೋ ಹೋದವು, ಊರಿಗಂತೂ ಬರಲಿಲ್ಲ. ನಮ್ಮ ಗದ್ದೆ ನಮಗೆ ಉಳಿಯಿತು. ಬಂದ ಹೊಸ ಮಾಷ್ಟ್ರು ಶನಿವಾರ ಶ್ಲೋಕ ಹೇಳಿಸುತ್ತಿದ್ದರು. ಅಪ್ಪಯ್ಯ ಮತ್ತೆ ಹೋದ ಮಾಷ್ಟ್ರ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಅದನ್ನು ನುಂಗಿಕೊಂಡು, ಎದುರುಬದುರು ಕೂತು ಗಂಜಿ ಉಂಡೆವು.

ನಾಲ್ಕು ವರ್ಷದ ಮೇಲೆ ಒಡೆಯರು ಏಳಿ ಎಂದರು. ನಮ್ಮ ಗದ್ದೆಯನ್ನು ಅಳಿಯನಿಗೆ ತೆಂಗು ಹಾಕಲು ಕೊಡುತ್ತಾರಂತೆ. ಅಪ್ಪಯ್ಯ ಕಾಲು ಹಿಡಿದ, ಏನೂ ಆಗಲಿಲ್ಲ. ಕುಂದಾಪುರದ ಸಬ್ ಕಲೆಕ್ಟರ್ ಕಚೇರಿಗೆ ಅರ್ಜಿ ಹಾಕಿ ನೋಡು ಎಂದು ಯಾರೋ ಹೇಳಿದರು. ಓದು ಬರಹ ಬರುವವಳು ಎಂದು ನನ್ನನ್ನೂ ಕರೆದುಕೊಂಡು ಹೋದ. ಕಚೇರಿಯ ಎದುರು ಮರದಡಿಯಲ್ಲಿ ಅರ್ಜಿ ಬರೆಯುವವರು ಸಾಲಾಗಿ ಕೂತಿದ್ದರು. ಕಡೆಯ ಮೇಜಿನಲ್ಲಿ ಕೂತವರು ಕನ್ನಡಕದ ನೂಲನ್ನು ಕಿವಿಗೆ ಸುತ್ತಿಕೊಳ್ಳುತ್ತಿದ್ದರು.

ನಾನು ನಿಂತಲ್ಲೇ ನಿಂತೆ. ಅಪ್ಪಯ್ಯ ತಿರುಗಿ ಹೋಗಲು ನೋಡಿದ. ಅವರೇ ಕರೆದರು. "ಹ್ವಾಯ್, ಎಲ್ಲಿಗ್ ಹ್ವಾಪ್ದ್? ಬನಿ, ಕೂಕಣಿ." ನನ್ನನ್ನು ನೋಡಿ, "ದೊಡ್ಡ ಆಯ್ದಲೇ ಹೆಣ್" ಎಂದರು. ಕೂದಲು ಪೂರ್ತಿ ನರೆತಿತ್ತು. ಅಂಗಿಯ ಹೆಗಲಿಗೆ ತೇಪೆ ಹಾಕಿತ್ತು. ಮತ್ತೆ ಯಾವ ಶಾಲೆಯಲ್ಲೂ ಕೆಲಸ ಸಿಗಲಿಲ್ಲ ಎಂದು ಅವರು ಹೇಳಲಿಲ್ಲ, ಮೇಜೇ ಹೇಳುತ್ತಿತ್ತು.

ಅಪ್ಪಯ್ಯ ಗದ್ದೆಯ ಸಂಗತಿ ಹೇಳಿದ. ಒಡೆಯರು ಏಳಿ ಎಂದದ್ದು ಕೇಳಿ ಮಾಷ್ಟ್ರ ಲೇಖನಿ ಒಂದು ಗಳಿಗೆ ನಿಂತಿತು. "ಹಂಗಾರೆ ನಾ ಅವತ್ತ್ ಓದಿ ಗದ್ದಿ ಉಳ್ಸದ್ದ್ ನಾಕೇ ವರ್ಷಕ್ಕ್ ಆಯ್ತ್" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಮತ್ತೆ ಬರೆಯತೊಡಗಿದರು. ಎಷ್ಟು ವರ್ಷದಿಂದ ಸಾಗುವಳಿ, ಗೇಣಿ ಬಾಕಿ ಇದೆಯೇ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಅಪ್ಪಯ್ಯ ಎರಡು ಪ್ರಶ್ನೆಗೆ ಉತ್ತರ ಕೊಟ್ಟ. ಮೂರನೆಯದಕ್ಕೆ ಅವನಿಂದ ಆಗಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಅತ್ತುಬಿಟ್ಟ. ನನ್ನ ಅಪ್ಪಯ್ಯ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಮಾಷ್ಟ್ರೆ, ಅವತ್ತ್ ಒಡೇರಿಗೆ ಹೋಯ್ ಹೇಳದ್ದ್ ನಾನೇ. ನಿಮ್ಮನ್ ಹಾಳ್ ಮಾಡದ್ದ್ ನಾನೇ. ಈ ಹೆಣ್ಣಿಗೆ ಅದೆಂತದೂ ಗೊತ್ತಿಲ್ಲೆ."

ಮಾಷ್ಟ್ರು ಲೇಖನಿಯನ್ನು ಶಾಯಿಗೆ ಅದ್ದಿದರು. "ಅದನ್ನ್ ಅರ್ಜಿಯಂಗೆ ಬರೆಯೂದ್ ಬೇಡ" ಎಂದರು. "ಮನಿಯಂಗ್ ಎಷ್ಟ್ ಜನ ಅಂದ್ ಹೇಳಿ."

ನನಗೆ ಗೊತ್ತಿಲ್ಲವಂತೆ! ಹೇಳಿದವಳೇ ನಾನು. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೊಬ್ಬಿನಿಂದ ಕೈ ಬೀಸಿ ಬೀಸಿ ಹೇಳಿದವಳು ನಾನು. ನಾನಲ್ಲದಿದ್ದರೆ ಅಪ್ಪಯ್ಯನಿಗೆ ಆ ಕತೆಯೇ ಗೊತ್ತಾಗುತ್ತಿರಲಿಲ್ಲ. ಈಗ ಹೇಳಿಬಿಡಬೇಕು ಎಂದು ಒಂದು ಹೆಜ್ಜೆ ಮುಂದೆ ಬಂದೆ, ಬಾಯಿಯನ್ನೂ ತೆರೆದೆ. ಮಾಷ್ಟ್ರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರಿಗೆ ಗೊತ್ತಿತ್ತು. ಆ ಶನಿವಾರದಿಂದಲೇ ಗೊತ್ತಿತ್ತು.

"ಹೆಣೆ, ಅಪ್ಪಯ್ಯಂಗೆ ಒಂದ್ ಲೋಟ ನೀರ್ ತಕಂಡ್ ಬಾ" ಎಂದರು.

ನಾನು ಎದುರಿನ ಹೋಟೆಲಿಗೆ ಹೋಗಿ ನೀರು ತಂದೆ. ಅಪ್ಪಯ್ಯ ಕುಡಿದ. ನಾನು ಮಾಡಿದ್ದು ಅಷ್ಟೇ.